ಹೊಲಿಗೆ ಬಿಚ್ಚಿದ ಮೇಲಿನ ಲೆಕ್ಕ

ಶಸ್ತ್ರಚಿಕಿತ್ಸೆಯಾದವರ ಮನೆಗೆ ನೆಂಟರಿಷ್ಟರು ಹಣ್ಣು ಹಂಪಲು ಹಿಡಿದು ನೋಡಲು ಬಂದಾಗ ಮೊದಲು ಕೇಳುವ ಮಾತು, “ಆಪರೇಷನ್ ಹೇಗಾಯಿತು?” ಎಂದು. ಮನೆಯವರು ಕೊಡುವ ಉತ್ತರವೂ ಬಹುಮಟ್ಟಿಗೆ ಒಂದೇ: “ಚೆನ್ನಾಗಿ ಆಯಿತಂತೆ.” ಈ ‘ಅಂತೆ’ಯನ್ನು ಕೊಂಚ ಗಮನಿಸಬೇಕು. ಚೆನ್ನಾಗಿ ಆಯಿತೆಂಬುದು ಮನೆಯವರು ಅಳೆದು ತೂಗಿ ಕಂಡುಕೊಂಡ ಸಂಗತಿಯಲ್ಲ. ಒಳಗಿನಿಂದ ಬಂದವರು ಯಾರೋ ಹೇಳಿದ್ದು. ಹೇಳಿದವರು ಸುಳ್ಳು ಹೇಳಿದರೆಂದಲ್ಲ. ಕತ್ತರಿಸಬೇಕಾದ್ದನ್ನು ಕತ್ತರಿಸಿದ್ದಾಯಿತು, ಕೂಡಿಸಬೇಕಾದ್ದನ್ನು ಕೂಡಿಸಿದ್ದಾಯಿತು, ರೋಗಿ ಮೇಜಿನಿಂದ ಜೀವಸಹಿತ ಇಳಿದದ್ದಾಯಿತು ಎಂಬುದಷ್ಟೇ ಆ ಗಳಿಗೆಯಲ್ಲಿ ಅವರಿಗೆ ಗೊತ್ತಿರುವುದು. ಆದರೆ ರೋಗಿಗೆ ಬೇಕಾದದ್ದು ಅದಲ್ಲವಷ್ಟೆ? ಅವನಿಗೆ ನಡೆಯಬೇಕು, ಕಾಣಬೇಕು, ಉಣ್ಣಬೇಕು, ಕೆಲಸಕ್ಕೆ ಹೋಗಬೇಕು. ಅದು ಆಯಿತೋ ಇಲ್ಲವೋ ಎಂಬುದು ಗೊತ್ತಾಗುವುದು ಹೊಲಿಗೆ ಬಿಚ್ಚಿ ಎಷ್ಟೋ ದಿನಗಳಾದ ಮೇಲೆ.

ಆ ದಿನಗಳ ಲೆಕ್ಕವನ್ನು ಇಡುವುದು ಹೇಗೆ, ಇಟ್ಟರೆ ಏನು ಪ್ರಯೋಜನ, ಇಡದಿದ್ದರೆ ಏನು ನಷ್ಟ ಎಂಬುದನ್ನು ಇಲ್ಲಿ ವಿಚಾರ ಮಾಡೋಣ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ವಾಸವಾಗಿರುವವರಿಗೆ ಇದು ದೂರದ ವಿಷಯವಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ. ಬೈರಸಂದ್ರದಲ್ಲಿ ಮುರಿದ ಮೂಳೆಗಳನ್ನು ಕೂಡಿಸುವ ಸಂಜಯ್ ಗಾಂಧಿ ಸಂಸ್ಥೆ. ಜಯನಗರದ ನಾಲ್ಕನೆಯ ‘ಟಿ’ ಬ್ಲಾಕಿನಲ್ಲಿ ಸಾರ್ವಜನಿಕ ಆಸ್ಪತ್ರೆ. ಹೊಸೂರು ರಸ್ತೆಯ ಕಡೆಗೆ ಹೊರಳಿದರೆ ಮೆದುಳು ನರಗಳಿಗಾಗಿ ನಿಮ್ಹಾನ್ಸ್, ಅರ್ಬುದ ರೋಗಕ್ಕಾಗಿ ಕಿದ್ವಾಯಿ. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿರುವ ಖಾಸಗಿ ಆಸ್ಪತ್ರೆಗಳನ್ನು ಎಣಿಸುತ್ತ ಹೋದರೆ ಪಟ್ಟಿ ಬೆಳೆಯುತ್ತದೆ. ಇಷ್ಟು ಕಿರಿದಾದ ಪ್ರದೇಶದಲ್ಲಿ ಇಷ್ಟು ಬಗೆಯ ಶಸ್ತ್ರಚಿಕಿತ್ಸೆ ನಡೆಯುವ ಊರುಗಳು ದೇಶದಲ್ಲಿ ಹೆಚ್ಚಿಲ್ಲ. ಇವುಗಳ ನಡುವೆ ಆರಿಸಿಕೊಳ್ಳಬೇಕಾದ ಗೃಹಸ್ಥನು ಏನನ್ನು ನೋಡಿ ಆರಿಸುತ್ತಾನೆ? ಪಕ್ಕದ ಮನೆಯವರ ಮಾತು, ವೈದ್ಯರ ಹೆಸರು, ಕಟ್ಟಡದ ಅಂದ, ಖರ್ಚಿನ ಅಂದಾಜು. ಫಲವನ್ನು ನೋಡಿ ಆರಿಸುವವರು ಅಪರೂಪ; ಏಕೆಂದರೆ ಫಲ ಕಣ್ಣಿಗೆ ಕಾಣುವಂತೆ ಎಲ್ಲಿಯೂ ಬರೆದಿರುವುದಿಲ್ಲ.

ಎಣಿಸಿ ನೋಡುವ ಈ ಬುದ್ಧಿ ವೈದ್ಯಲೋಕಕ್ಕೆ ಸುಲಭವಾಗಿ ಬಂದದ್ದಲ್ಲ. ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಮೊದಲನೆಯ ವಿಭಾಗದಲ್ಲಿ ಬಾಣಂತಿಯರ ಸಾವು ಎರಡನೆಯದಕ್ಕಿಂತ ಬಹಳ ಹೆಚ್ಚೆಂಬುದನ್ನು ಲೆಕ್ಕದಿಂದ ಕಂಡವನು ಸೆಮ್ಮೆಲ್ವೈಸ್ ಎಂಬ ವೈದ್ಯ. ಶವಪರೀಕ್ಷೆ ಮಾಡಿದ ಕೈಯಲ್ಲೇ ಹೆರಿಗೆ ಮಾಡಿಸುವುದು ಇದಕ್ಕೆ ಕಾರಣವಿರಬೇಕೆಂದು ಊಹಿಸಿ, ೧೮೪೭ರ ಮೇ ತಿಂಗಳಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ಕಟ್ಟಳೆಯನ್ನು ಹಾಕಿದ. ಏಪ್ರಿಲಿನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜೂನ್ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿಯಿತು. ರೋಗಾಣುಗಳ ಸಂಗತಿ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ. ಕಾರಣ ತಿಳಿಯುವ ಮೊದಲೇ ಎಣಿಕೆ ದಾರಿ ತೋರಿಸಿತ್ತು. ಹಾಗಿದ್ದರೂ ಅವನ ಮಾತನ್ನು ಅವನ ಕಾಲದವರು ಬಹುಮಂದಿ ಒಪ್ಪಲಿಲ್ಲ.

ದಾದಿಯರ ಶುಶ್ರೂಷೆಗೆ ಹೆಸರಾದ ಫ್ಲಾರೆನ್ಸ್ ನೈಟಿಂಗೇಲಳು ಅಂಕಿಗಳಲ್ಲಿಯೂ ಅಷ್ಟೇ ನಿಪುಣೆ. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯ ತಖ್ತೆಯಲ್ಲಿ ರೋಗಿಗಳ ಲೆಕ್ಕ ಬರೆದಿಡಬೇಕು, ಇಲ್ಲವಾದರೆ ಒಂದನ್ನು ಇನ್ನೊಂದರೊಡನೆ ಹೋಲಿಸುವಂತಿಲ್ಲ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆಕೆ ವಾದಿಸಿದಳು.

ಆದರೆ ಶಸ್ತ್ರವೈದ್ಯನೇ ತನ್ನ ಲೆಕ್ಕವನ್ನು ತಾನೇ ಬಯಲಿಗಿಟ್ಟ ಕಥೆ ಅಮೆರಿಕದ ಬಾಸ್ಟನ್ ನಗರದ್ದು. ಅರ್ನೆಸ್ಟ್ ಕಾಡ್‌ಮನ್ ಎಂಬ ವೈದ್ಯ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದು ಸರಳವಾದ ವಿಧಾನವನ್ನು ಸೂಚಿಸಿದ. ಪ್ರತಿಯೊಬ್ಬ ರೋಗಿಗೂ ಒಂದು ಚೀಟಿ. ರೋಗವೇನು, ಮಾಡಿದ ಚಿಕಿತ್ಸೆಯೇನು, ಬಂದ ತೊಡಕೇನು ಎಂಬುದನ್ನು ಅದರಲ್ಲಿ ಬರೆಯುವುದು. ವರ್ಷ ಕಳೆದ ಮೇಲೆ ಆ ರೋಗಿಯನ್ನು ಕರೆಸಿ ನೋಡುವುದು. ಫಲ ಒಳ್ಳೆಯದಾಗಿರದಿದ್ದರೆ ಏಕೆಂದು ವಿಚಾರಿಸುವುದು. ದೊಡ್ಡ ಆಸ್ಪತ್ರೆಯ ಹಿರಿಯರಿಗೆ ಇದು ಹಿಡಿಸಲಿಲ್ಲ. ಕಾಡ್‌ಮನ್ ೧೯೧೪ರಲ್ಲಿ ಅಲ್ಲಿಯ ಕೆಲಸಕ್ಕೆ ರಾಜೀನಾಮೆಯಿತ್ತು, ತನ್ನದೇ ಚಿಕ್ಕ ಆಸ್ಪತ್ರೆಯಲ್ಲಿ ಈ ವಿಧಾನವನ್ನು ಮುಂದುವರಿಸಿದ. ೧೯೧೧ರಿಂದ ೧೯೧೬ರ ವರೆಗೆ ಅಲ್ಲಿಂದ ಮನೆಗೆ ಹೋದ ೩೩೭ ರೋಗಿಗಳ ವಿಷಯದಲ್ಲಿ ೧೨೩ ತಪ್ಪುಗಳಾದವೆಂದು ತಾನೇ ಅಚ್ಚು ಹಾಕಿಸಿದ. ಊರಿನ ವೈದ್ಯರು ಮುಖ ತಿರುಗಿಸಿದರು. ಅವನ ಆದಾಯ ಕುಗ್ಗಿತು. ೧೯೪೦ರಲ್ಲಿ ಅವನು ತೀರಿಕೊಂಡಾಗ ಸಮಾಧಿಯ ಮೇಲೆ ಹೆಸರು ಬರೆದ ಕಲ್ಲು ಕೂಡ ಇರಲಿಲ್ಲ. ಅದನ್ನು ನೆಟ್ಟದ್ದು ೨೦೧೪ರಲ್ಲಿ. ಆ ಹೊತ್ತಿಗೆ ಅವನು ಹೇಳಿದ ಮಾತು ಲೋಕದ ಆಸ್ಪತ್ರೆಗಳಿಗೆಲ್ಲ ಪಾಠವಾಗಿತ್ತು.

ಈಗ ಅಳೆಯುವ ವಿಧಾನಕ್ಕೆ ಬರೋಣ. ಮೊದಲನೆಯ ಪ್ರಶ್ನೆ: ಎಷ್ಟು ದಿನದ ವರೆಗೆ ಎಣಿಸಬೇಕು? ರೋಗಿ ಆಸ್ಪತ್ರೆಯ ಬಾಗಿಲು ದಾಟುವ ವರೆಗೆ ಎಂದರೆ ಲೆಕ್ಕ ಸುಲಭ, ಆದರೆ ಸುಳ್ಳು. ಗಾಯಕ್ಕೆ ನಂಜೇರುವುದು ಅನೇಕ ವೇಳೆ ರೋಗಿ ಮನೆ ಸೇರಿದ ಮೇಲೆಯೇ. ಆದ್ದರಿಂದ ಶಸ್ತ್ರಕ್ರಿಯೆಯ ದಿನದಿಂದ ಮೂವತ್ತು ದಿನ ಎಂಬುದು ಸಾಮಾನ್ಯ ರೂಢಿ. ಮಂಡಿಗೆ ಕೃತಕ ಕೀಲು ಕೂಡಿಸುವುದು, ಮೂಳೆಗೆ ಲೋಹದ ಪಟ್ಟಿ ಹಾಕುವುದು ಮೊದಲಾದವುಗಳಲ್ಲಿ ಹೊರಗಿನ ವಸ್ತು ದೇಹದೊಳಗೆ ಉಳಿಯುವುದರಿಂದ ನಂಜನ್ನು ತೊಂಬತ್ತು ದಿನಗಳ ವರೆಗೆ ಕಾದು ನೋಡುವುದುಂಟು. ಕೃತಕ ಕೀಲು ಎಷ್ಟು ಕಾಲ ಬಾಳಿತು ಎಂಬುದಕ್ಕಂತೂ ದಿನಗಳ ಎಣಿಕೆ ಸಾಲದು, ವರ್ಷಗಳೇ ಬೇಕು. ಸ್ವೀಡನ್ ದೇಶದವರು ೧೯೭೫ರಲ್ಲಿ ಮಂಡಿಯ ಕೀಲಿಗೂ ೧೯೭೯ರಲ್ಲಿ ಸೊಂಟದ ಕೀಲಿಗೂ ದೇಶಕ್ಕೆಲ್ಲ ಒಂದೊಂದು ದಾಖಲೆ ಪುಸ್ತಕವನ್ನು ತೆರೆದು, ಯಾವ ಮಾದರಿಯ ಕೀಲು ಬೇಗ ಸಡಿಲವಾಗುತ್ತದೆಂಬುದನ್ನು ಅದರಿಂದ ಕಂಡುಕೊಂಡರು.

ಎರಡನೆಯ ಪ್ರಶ್ನೆ: ತೊಡಕು ಎಂದರೆ ಏನು? ಗಾಯದ ಅಂಚು ಕೆಂಪಗಾದದ್ದೂ ತೊಡಕೇ, ಮೂತ್ರಪಿಂಡ ನಿಂತುಹೋದದ್ದೂ ತೊಡಕೇ. ಎರಡನ್ನೂ ಒಂದೊಂದೆಂದು ಎಣಿಸಿದರೆ ಅದು ಸೇರಿಗೂ ಮಣಕ್ಕೂ ಒಂದೇ ಕಲ್ಲಿಟ್ಟು ತೂಗಿದಂತೆ. ಇದನ್ನು ಸರಿಪಡಿಸಲು ೧೯೯೨ರಲ್ಲಿ ಒಂದು ಶ್ರೇಣಿ ಹುಟ್ಟಿತು. ೨೦೦೪ರಲ್ಲಿ ಅದನ್ನು ತಿದ್ದಿದರು. ಕ್ಲಾವಿಯಾನ್ ಮತ್ತು ಡಿಂಡೊ ಎಂಬ ವೈದ್ಯರ ಹೆಸರಿನಲ್ಲಿ ಈಗ ಎಲ್ಲೆಡೆ ಬಳಕೆಯಲ್ಲಿದೆ. ಅದರ ಯುಕ್ತಿ ಬಹಳ ಸ್ವಾರಸ್ಯವಾದದ್ದು. ತೊಡಕು ಎಷ್ಟು ದೊಡ್ಡದು ಎಂಬುದನ್ನು ವೈದ್ಯನ ಅಭಿಪ್ರಾಯಕ್ಕೆ ಬಿಡದೆ, ಅದನ್ನು ಸರಿಪಡಿಸಲು ಏನು ಮಾಡಬೇಕಾಯಿತು ಎಂಬುದರಿಂದ ನಿರ್ಣಯಿಸುವುದು. ಜ್ವರದ ಗುಳಿಗೆ, ನೋವಿನ ಗುಳಿಗೆಯಂಥ ಸಣ್ಣ ಉಪಚಾರದಲ್ಲಿ ಮುಗಿದರೆ ಮೊದಲನೆಯ ಮೆಟ್ಟಿಲು. ಬೇರೆ ಔಷಧಿಗಳೋ ರಕ್ತವೋ ಕೊಡಬೇಕಾದರೆ ಎರಡನೆಯದು. ಮತ್ತೆ ಶಸ್ತ್ರಕ್ರಿಯೆಯೋ ಕೊಳವೆ ತೂರಿಸುವಂಥ ಕ್ರಮವೋ ಬೇಕಾದರೆ ಮೂರನೆಯದು. ಪ್ರಾಣಾಪಾಯವಾಗಿ ತೀವ್ರ ನಿಗಾ ಘಟಕಕ್ಕೆ ಸಾಗಿಸಿದರೆ ನಾಲ್ಕನೆಯದು. ಸಾವು ಐದನೆಯದು. “ಸ್ವಲ್ಪ ತೊಂದರೆಯಾಯಿತು, ಈಗ ಸರಿಹೋಗಿದೆ” ಎಂಬ ಮಾತಿನಲ್ಲಿ ಯಾವುದನ್ನು ಬೇಕಾದರೂ ಅಡಗಿಸಬಹುದು. “ಎರಡನೆಯ ಸಲ ಥಿಯೇಟರಿಗೆ ಕರೆದೊಯ್ದರು” ಎಂಬುದನ್ನು ಅಡಗಿಸುವುದು ಕಷ್ಟ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಜಟಿಲವಾದದ್ದು: ಯಾರನ್ನು ಯಾರೊಡನೆ ಹೋಲಿಸುವುದು? ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಿ; ಕಾಗದ ಪೆನ್ಸಿಲು ಹತ್ತಿರವಿಟ್ಟುಕೊಂಡರೆ ಇನ್ನೂ ಒಳ್ಳೆಯದು. ‘ಅ’ ಎಂಬ ಆಸ್ಪತ್ರೆ, ‘ಆ’ ಎಂಬ ಇನ್ನೊಂದು ಆಸ್ಪತ್ರೆ. ಎರಡರಲ್ಲಿಯೂ ವರ್ಷಕ್ಕೆ ಇನ್ನೂರು ಶಸ್ತ್ರಕ್ರಿಯೆಗಳು. ‘ಅ’ದಲ್ಲಿ ಐದು ಸಾವು, ‘ಆ’ದಲ್ಲಿ ಹನ್ನೊಂದು. ನಿಮ್ಮ ತಾಯಿಯನ್ನು ಯಾವುದಕ್ಕೆ ಸೇರಿಸುತ್ತೀರಿ? ಥಟ್ಟನೆ ‘ಅ’ ಎನ್ನುತ್ತೀರಿ. ಈಗ ಒಳಗಿನ ಲೆಕ್ಕ ನೋಡಿ. ‘ಅ’ಕ್ಕೆ ಬಂದವರಲ್ಲಿ ೧೮೦ ಮಂದಿ ಗಟ್ಟಿಮುಟ್ಟಾದವರು, ೨೦ ಮಂದಿ ಮಾತ್ರ ವಯಸ್ಸಾಗಿ ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಹೊತ್ತು ಬಂದ ಕಠಿಣ ರೋಗಿಗಳು. ಗಟ್ಟಿಯವರಲ್ಲಿ ಇಬ್ಬರು, ಕಠಿಣ ರೋಗಿಗಳಲ್ಲಿ ಮೂವರು ತೀರಿಕೊಂಡರು. ‘ಆ’ಕ್ಕೆ ಬಂದವರಲ್ಲಿ ನೂರು ಮಂದಿ ಗಟ್ಟಿಯವರು, ನೂರು ಮಂದಿ ಕಠಿಣ ರೋಗಿಗಳು. ಗಟ್ಟಿಯವರಲ್ಲಿ ಒಬ್ಬ, ಕಠಿಣ ರೋಗಿಗಳಲ್ಲಿ ಹತ್ತು ಮಂದಿ ತೀರಿಕೊಂಡರು. ಎಂದರೆ ಕಠಿಣ ರೋಗಿಗಳ ಸಾವು ‘ಅ’ದಲ್ಲಿ ನೂರಕ್ಕೆ ಹದಿನೈದು, ‘ಆ’ದಲ್ಲಿ ನೂರಕ್ಕೆ ಹತ್ತು. ಗಟ್ಟಿಯವರ ಸಾವು ‘ಅ’ದಲ್ಲಿ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು, ‘ಆ’ದಲ್ಲಿ ಸರಿಯಾಗಿ ಒಂದು. ಎರಡು ಬಗೆಯವರಿಗೂ ‘ಆ’ವೇ ಮೇಲು, ಒಟ್ಟು ಮೊತ್ತದಲ್ಲಿ ಮಾತ್ರ ಅದು ಕೀಳಾಗಿ ಕಂಡಿತು. ಅದರ ಅಪರಾಧವೆಂದರೆ ಉಳಿದವರು ಕೈ ಬಿಟ್ಟ ರೋಗಿಗಳನ್ನು ಸೇರಿಸಿಕೊಂಡದ್ದು.

ಇದಕ್ಕೆ ಪರಿಹಾರವುಂಟು. ಶಸ್ತ್ರಕ್ರಿಯೆಗೆ ಮುಂಚೆಯೇ ಪ್ರತಿ ರೋಗಿಯ ವಯಸ್ಸು, ಹೃದಯದ ಬಲ, ಮೂತ್ರಪಿಂಡದ ಸ್ಥಿತಿ, ತುರ್ತು ಇದೆಯೆ ಇಲ್ಲವೆ ಎಂಬುದನ್ನೆಲ್ಲ ಬರೆದುಕೊಂಡು, ಇಂಥವನಿಗೆ ಸಾಮಾನ್ಯವಾಗಿ ಇರುವ ಅಪಾಯ ಎಷ್ಟೆಂದು ಗುಣಿಸುವುದು. ಹೃದಯದ ಶಸ್ತ್ರಚಿಕಿತ್ಸೆಗೆ ಯೂರೋಸ್ಕೋರ್ ಎಂಬ ಇಂಥ ಗಣನೆ ೧೯೯೯ರಲ್ಲಿ ಬಂದು ೨೦೧೨ರಲ್ಲಿ ಪರಿಷ್ಕಾರವಾಯಿತು. ಎಲ್ಲ ರೋಗಿಗಳ ಅಪಾಯವನ್ನು ಕೂಡಿಸಿದರೆ ಆ ಆಸ್ಪತ್ರೆಯಲ್ಲಿ ‘ನಿರೀಕ್ಷಿತ’ವಾದ ಸಾವುಗಳ ಸಂಖ್ಯೆ ದೊರೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಗಟ್ಟಿಯವರಿಗೆ ನೂರಕ್ಕೆ ಒಂದು, ಕಠಿಣ ರೋಗಿಗಳಿಗೆ ನೂರಕ್ಕೆ ಹನ್ನೆರಡು ಎಂದಿಟ್ಟುಕೊಳ್ಳಿ. ‘ಅ’ದಲ್ಲಿ ನಾಲ್ಕು ಸಾವು ನಿರೀಕ್ಷಿತ, ಆದದ್ದು ಐದು. ‘ಆ’ದಲ್ಲಿ ಹದಿಮೂರು ನಿರೀಕ್ಷಿತ, ಆದದ್ದು ಹನ್ನೊಂದು. ಈಗ ತಕ್ಕಡಿ ನ್ಯಾಯವಾಗಿ ತೂಗಿತು. ರಾಜ್ಯದ ಮೂಲೆಮೂಲೆಗಳಿಂದ ಕೈಮೀರಿದ ರೋಗಿಗಳು ಬಂದು ಸೇರುವ ಸರ್ಕಾರಿ ದೊಡ್ಡಾಸ್ಪತ್ರೆಗಳ ಬಗ್ಗೆ ತೀರ್ಪು ಕೊಡುವ ಮುನ್ನ ಈ ತಕ್ಕಡಿಯನ್ನು ನೆನೆಯುವುದು ಅಗತ್ಯ.

ಇನ್ನೊಂದು ಎಚ್ಚರಿಕೆ. “ಮೂವತ್ತು ಮಂದಿಗೆ ಮಾಡಿದ್ದೇವೆ, ಒಬ್ಬರಿಗೂ ಏನೂ ಆಗಿಲ್ಲ” ಎಂದು ಯಾರಾದರೂ ಹೇಳಿದರೆ ಸಂತೋಷಪಡಿ, ಆದರೆ ಅಪಾಯವೇ ಇಲ್ಲವೆಂದು ತಿಳಿಯಬೇಡಿ. ಗಣಿತಜ್ಞರಲ್ಲಿ ಒಂದು ಸುಲಭ ಸೂತ್ರವಿದೆ: ಮೂರನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿ. ಮೂವತ್ತು ಮಂದಿಯಲ್ಲಿ ಒಂದೂ ತೊಡಕಿಲ್ಲದಿದ್ದರೂ ನಿಜವಾದ ಅಪಾಯ ನೂರಕ್ಕೆ ಹತ್ತರ ವರೆಗೆ ಇದ್ದಿರಬಹುದು. ಮುನ್ನೂರು ಮಂದಿಯಲ್ಲಿ ಒಂದೂ ಇಲ್ಲವೆಂದರೆ ನೂರಕ್ಕೆ ಒಂದರ ವರೆಗೆ. ಮಾತಿನ ಬೆಲೆ ಎಣಿಸಿದವರ ಸಂಖ್ಯೆಯೊಡನೆ ಏರುತ್ತದೆ.

ಬದುಕಿದವರನ್ನೂ ಸತ್ತವರನ್ನೂ ಎಣಿಸಿದೊಡನೆ ಲೆಕ್ಕ ಮುಗಿಯಲಿಲ್ಲ. ದ್ವಿಚಕ್ರ ವಾಹನದಿಂದ ಬಿದ್ದು ತಲೆಗೆ ಪೆಟ್ಟಾದ ತರುಣನನ್ನು ನಿಮ್ಹಾನ್ಸಿಗೆ ತರುತ್ತಾರೆ, ಮೆದುಳಿನ ಮೇಲೆ ಹೆಪ್ಪುಗಟ್ಟಿದ ರಕ್ತವನ್ನು ತೆಗೆಯುತ್ತಾರೆ, ಪ್ರಾಣ ಉಳಿಯುತ್ತದೆ. ಮುಂದೆ ಅವನು ಎದ್ದು ಕಾಲೇಜಿಗೆ ಹೋದನೆ, ಮನೆಯಲ್ಲಿ ಇನ್ನೊಬ್ಬರ ಆಸರೆಯಿಂದ ಬದುಕಿದನೆ, ಕಣ್ಣು ತೆರೆದೂ ಅರಿವಿಲ್ಲದೆ ಮಲಗಿದನೆ? ಮೂರೂ ಸ್ಥಿತಿಗಳು ‘ಬದುಕಿದ’ ಎಂಬ ಒಂದೇ ಕಲಮಿನಲ್ಲಿ ಬರುವುದು ಅನ್ಯಾಯ. ಆದ್ದರಿಂದ ಗ್ಲಾಸ್ಗೊ ನಗರದ ವೈದ್ಯರಾದ ಜೆನೆಟ್ ಮತ್ತು ಬಾಂಡ್ ೧೯೭೫ರಲ್ಲಿ ಐದು ಮೆಟ್ಟಿಲುಗಳ ಒಂದು ಅಳತೆಗೋಲನ್ನು ಮಾಡಿದರು: ಸಾವು, ಅರಿವಿಲ್ಲದ ಬಾಳು, ತೀವ್ರ ಅಂಗವಿಕಲತೆ, ಮಿತವಾದ ಅಂಗವಿಕಲತೆ, ಚೆನ್ನಾಗಿ ಗುಣ. ಲೋಕದಲ್ಲೆಲ್ಲ ತಲೆಪೆಟ್ಟಿನ ಚಿಕಿತ್ಸೆಯನ್ನು ಅಳೆಯಲು ಈ ಕೋಲೇ ಆಧಾರ. ಕಣ್ಣಿನ ಪೊರೆಯ ವಿಷಯದಲ್ಲಿಯೂ ಹಾಗೆಯೇ. ‘ಶಿಬಿರದಲ್ಲಿ ಇಷ್ಟು ಸಾವಿರ ಕಣ್ಣುಗಳಿಗೆ ಶಸ್ತ್ರಚಿಕಿತ್ಸೆ’ ಎಂಬ ಸುದ್ದಿಯಲ್ಲಿ ಕೆಲಸದ ಲೆಕ್ಕವಿದೆ, ಫಲದ ಲೆಕ್ಕವಿಲ್ಲ. ಎಷ್ಟು ಕಣ್ಣು ಗೋಡೆಯ ಅಕ್ಷರಪಟ್ಟಿಯಲ್ಲಿ ೬/೧೮ರ ಸಾಲನ್ನು ಓದಿತು ಎಂಬುದೇ ಫಲ. ನೂರರಲ್ಲಿ ಎಂಬತ್ತಾದರೂ ಅಷ್ಟು ಕಾಣಬೇಕು, ತೀರ ಮಂದವಾಗಿ ಉಳಿಯುವವು ಐದನ್ನು ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗುರಿ.

ಇಷ್ಟೆಲ್ಲ ಅಳೆಯಬೇಕಾದರೆ ರೋಗಿ ಸಿಗಬೇಕಷ್ಟೆ? ನಮ್ಮ ನಾಡಿನಲ್ಲಿ ತೊಡಕಿರುವುದು ಇಲ್ಲಿಯೇ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದ ರೈತ ಜಯನಗರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಹಿಂದಿರುಗುತ್ತಾನೆ. ಹದಿನೈದನೆಯ ದಿನ ಗಾಯ ಕೀವಾಗುತ್ತದೆ. ಬಸ್ಸಿನ ಖರ್ಚು, ಕೂಲಿಯ ನಷ್ಟ ಎಣಿಸಿ ಅವನು ತಾಲ್ಲೂಕಿನ ವೈದ್ಯರ ಬಳಿ ಹೋಗುತ್ತಾನೆ. ಅವರು ಕೀವು ತೆಗೆದು ಔಷಧಿ ಕೊಡುತ್ತಾರೆ. ಬೆಂಗಳೂರಿನ ಆಸ್ಪತ್ರೆಯ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಗುಣ’ ಎಂದೇ ಉಳಿಯುತ್ತದೆ. ಯಾರೂ ಮೋಸ ಮಾಡಿಲ್ಲ. ಲೆಕ್ಕ ಮಾತ್ರ ತಪ್ಪಿತು. ಅದೇ ಥಿಯೇಟರಿನಲ್ಲಿ ಮರುದಿನ ಮಲಗುವವನಿಗೆ ಆ ತಪ್ಪಿನಿಂದ ಅಪಾಯ.

ಇದು ಸಾಧ್ಯವಿಲ್ಲದ ಕೆಲಸವೆಂದು ಕೈಚೆಲ್ಲಬೇಕಾದ್ದಿಲ್ಲ. ಕಿದ್ವಾಯಿ ಸಂಸ್ಥೆಯಲ್ಲಿ ಬೆಂಗಳೂರು ನಗರದ ಅರ್ಬುದ ರೋಗಿಗಳ ನೋಂದಣಿ ೧೯೮೨ರಿಂದ ನಡೆದುಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆರಂಭದಲ್ಲಿ ಇದನ್ನು ಕೈಗೊಂಡ ನಗರಗಳಲ್ಲಿ ಮುಂಬಯಿ, ಮದರಾಸುಗಳ ಜೊತೆಗೆ ನಮ್ಮದೂ ಒಂದು. ಆಸ್ಪತ್ರೆಗಳ ಕಡತಗಳನ್ನು ಹುಡುಕಿ, ಮರಣ ನೋಂದಣಿಯೊಡನೆ ಹೊಂದಿಸಿ, ಬೇಕಾದಲ್ಲಿ ಮನೆಗೇ ಹೋಗಿ ವಿಚಾರಿಸಿ, ಎಷ್ಟು ಮಂದಿ ಐದು ವರ್ಷ ಬದುಕಿದರೆಂಬ ಲೆಕ್ಕವನ್ನು ತೆಗೆದರು. ೧೯೯೮ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೊಂದು ಅಭಿವೃದ್ಧಿಶೀಲ ದೇಶಗಳ ಇಂಥ ಲೆಕ್ಕಗಳನ್ನು ಗ್ರಂಥವಾಗಿ ಹೊರತಂದಾಗ ಅದರಲ್ಲಿ ಬೆಂಗಳೂರಿನದೂ ಇತ್ತು.

ಮತ್ತೊಂದು ನಿದರ್ಶನ ಕರ್ನಾಟಕದ ಹಳ್ಳಿಗಳದ್ದು. ಬಡತನದ ರೇಖೆಗಿಂತ ಕೆಳಗಿನವರಿಗೆ ಹೃದಯ, ಅರ್ಬುದ ಮುಂತಾದ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ೨೦೧೦ರಲ್ಲಿ ರಾಜ್ಯದ ಉತ್ತರ ಭಾಗದಲ್ಲಿ ಮೊದಲು ಜಾರಿಗೆ ಬಂತು. ಯೋಜನೆ ತಲುಪಿದ ಹಳ್ಳಿಗಳೂ ಇನ್ನೂ ತಲುಪದ ಹಳ್ಳಿಗಳೂ ಗಡಿಯಲ್ಲಿ ಅಕ್ಕಪಕ್ಕದಲ್ಲಿದ್ದವು. ಸಂಶೋಧಕರು ಒಟ್ಟು ೫೭೨ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದರು. ೨೦೧೪ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಯೋಜನೆಗೆ ಸೇರಿದ ಕಾಯಿಲೆಗಳಿಂದಾದ ಸಾವು ಒಂದು ಕಡೆ ನೂರಕ್ಕೆ ೦.೩೨, ಇನ್ನೊಂದು ಕಡೆ ೦.೯೦. ೨೦೧೬ರಲ್ಲಿ ಬಂದ ಮುಂದಿನ ವರದಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಆಸ್ಪತ್ರೆಯಿಂದ ಬಂದ ಮೇಲೆ ಮತ್ತೆ ಆಸ್ಪತ್ರೆಗೆ ಸೇರಬೇಕಾದವರು ಯೋಜನೆಯಿದ್ದ ಹಳ್ಳಿಗಳಲ್ಲಿ ನೂರಕ್ಕೆ ಸುಮಾರು ಹದಿನಾರರಷ್ಟು ಕಡಿಮೆ. ನಂಜಾದವರೂ ಕಡಿಮೆಯಿದ್ದಂತೆ ಕಂಡಿತು. ಆದರೆ ಆ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟು ಸಣ್ಣದು. ರೋಗಿ ಆಸ್ಪತ್ರೆಗೆ ಹಿಂದಿರುಗದಿದ್ದರೆ ಎಣಿಸುವವರು ರೋಗಿಯ ಹೊಸಲಿಗೆ ಹೋಗಬಹುದೆಂಬುದನ್ನು ಈ ಕೆಲಸ ತೋರಿಸಿಕೊಟ್ಟಿತು.

ಎಣಿಕೆಯಿಂದ ಪ್ರಾಣ ಉಳಿಯುವುದು ಹೇಗೆಂದು ಕೇಳುವವರು ಬಳ್ಳಾರಿಯ ದುಃಖದ ಸಂಗತಿಯನ್ನು ನೆನೆಯಬೇಕು. ೨೦೨೪ರ ನವೆಂಬರ್ ೯ರಿಂದ ೧೧ರ ವರೆಗೆ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ೩೪ ಮಂದಿಗೆ ಸಿಸೇರಿಯನ್ ಶಸ್ತ್ರಕ್ರಿಯೆಯಾಯಿತು. ಅವರಲ್ಲಿ ಏಳು ಮಂದಿಗೆ ಮೂತ್ರಪಿಂಡ ಮತ್ತಿತರ ಅಂಗಗಳು ಸೋಲತೊಡಗಿದವು. ಐವರು ತಾಯಂದಿರು ತೀರಿಕೊಂಡರು. ಒಬ್ಬ ಬಾಣಂತಿಗೆ ಹೀಗಾಗಿದ್ದರೆ ಅವಳ ದೇಹಪ್ರಕೃತಿ ಎನ್ನಬಹುದಾಗಿತ್ತು. ಮೂರು ದಿನಗಳಲ್ಲಿ ಏಳು ಮಂದಿಗೆ ಒಂದೇ ಬಗೆಯ ಕೇಡೆಂದರೆ ಅದು ದೇಹಪ್ರಕೃತಿಯಲ್ಲ. ಎಲ್ಲರನ್ನೂ ಮುಟ್ಟಿದ ಯಾವುದೋ ಒಂದು ವಸ್ತು ಇರಲೇಬೇಕು. ನರಕ್ಕೆ ಹನಿಸುವ ದ್ರಾವಣದ ಮೇಲೆ ಸಂಶಯ ಬಿತ್ತು. ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿ, ರಾಜ್ಯದ ಬಾಣಂತಿಯರ ಸಾವುಗಳನ್ನೆಲ್ಲ ಒಂದೊಂದಾಗಿ ಪರಿಶೀಲಿಸಲು ಆಜ್ಞೆ ಮಾಡಿತು. ಆ ವರ್ಷದ ಏಪ್ರಿಲಿನಿಂದ ಡಿಸೆಂಬರಿನ ವರೆಗೆ ಎಲ್ಲ ಕಾರಣಗಳಿಂದ ಆದ ೪೬೪ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ತಡೆಯಬಹುದಾಗಿತ್ತೆಂದು ಆ ಪರಿಶೀಲನೆಯಿಂದ ತಿಳಿದುಬಂತು. ಬಾಣಂತಿಯರ ಪಟ್ಟಿಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಕಾಣುವ ಸತ್ಯವಿದು. ಒಂದೊಂದೇ ಕಡತದಲ್ಲಿ ಅದು ಕಾಣುವುದಿಲ್ಲ.

ಎಣಿಸಿದ ಮೇಲೆ ತಿದ್ದಿಕೊಳ್ಳುವುದೂ ಸಾಧ್ಯ. ವಿಶ್ವ ಆರೋಗ್ಯ ಸಂಸ್ಥೆ ೨೦೦೮ರಲ್ಲಿ ಹತ್ತೊಂಬತ್ತು ಅಂಶಗಳ ಒಂದು ಪಟ್ಟಿಯನ್ನು ಹೊರಡಿಸಿತು. ಮತ್ತು ಬರಿಸುವ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿಯನ್ನು ಹೊರಗೆ ಸಾಗಿಸುವ ಮುನ್ನ, ಹೀಗೆ ಮೂರು ಸಲ ಎಲ್ಲರೂ ಒಂದು ನಿಮಿಷ ನಿಂತು ಬಾಯಿಬಿಟ್ಟು ಹೇಳಬೇಕು: ಈ ರೋಗಿಯ ಹೆಸರೇನು, ಯಾವ ಕಡೆಯ ಅಂಗ, ನಂಜು ತಡೆಯುವ ಔಷಧಿ ಕೊಟ್ಟಿದೆಯೆ, ಬಟ್ಟೆ ಉಪಕರಣಗಳ ಎಣಿಕೆ ಸರಿಯಾಯಿತೆ. ದೆಹಲಿಯೂ ಸೇರಿದಂತೆ ಲೋಕದ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪಟ್ಟಿಗೆ ಮುಂಚೆ ೩,೭೩೩ ರೋಗಿಗಳನ್ನೂ ಅನಂತರ ೩,೯೫೫ ರೋಗಿಗಳನ್ನೂ ಹೋಲಿಸಿದರು. ಸಾವು ನೂರಕ್ಕೆ ೧.೫ರಿಂದ ೦.೮ಕ್ಕೆ, ತೊಡಕುಗಳು ೧೧ರಿಂದ ೭ಕ್ಕೆ ಇಳಿದಿದ್ದವು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ; ಇದ್ದದ್ದು ಒಂದು ಹಾಳೆ ಕಾಗದ, ಮತ್ತು ಅದನ್ನು ಮನಸ್ಸಿಟ್ಟು ಓದುವ ಶಿಸ್ತು.

ಲೆಕ್ಕಕ್ಕೆ ತನ್ನದೇ ಆದ ಅಪಾಯವೂ ಉಂಟೆಂಬುದನ್ನು ಮರೆಮಾಚಬಾರದು. ನ್ಯೂಯಾರ್ಕ್ ರಾಜ್ಯದಲ್ಲಿ ೧೯೯೦ರ ಕೊನೆಯಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ ಸಾವುಗಳನ್ನು ಆಸ್ಪತ್ರೆವಾರಾಗಿ ಪ್ರಕಟಿಸತೊಡಗಿದರು. ಮುಂದಿನ ವರ್ಷಗಳಲ್ಲಿ ಸಾವು ತಗ್ಗಿತು. ಜೊತೆಗೆ, ಅಂಕಿ ಕೆಡುವುದೆಂಬ ಭಯದಿಂದ ಕಠಿಣ ರೋಗಿಗಳನ್ನು ಕೆಲವರು ಮುಟ್ಟದೆ ಬಿಡುತ್ತಾರೆಂಬ ದೂರೂ ಹುಟ್ಟಿತು. ಅಪಾಯವನ್ನು ತೂಗಿ ಲೆಕ್ಕ ಹಾಕದೆ ಬರಿಯ ಮೊತ್ತವನ್ನು ಪತ್ರಿಕೆಗೆ ಕೊಟ್ಟರೆ ಧೈರ್ಯವಂತ ವೈದ್ಯನಿಗೆ ಶಿಕ್ಷೆ, ಜಾಣನಿಗೆ ಬಹುಮಾನ. ಎಣಿಸುವವರು ಶಸ್ತ್ರ ಹಿಡಿದವರೇ ಆಗಿರಬಾರದೆಂಬುದೂ ಇಲ್ಲಿಂದಲೇ ಹೊರಡುವ ನಿಯಮ. ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆಗಳಲ್ಲಿ ೧೯೯೪ರಿಂದ ನಡೆದ ದೊಡ್ಡ ಕಾರ್ಯಕ್ರಮದಲ್ಲಿ ಈ ಕೆಲಸವನ್ನು ತರಬೇತು ಪಡೆದ ದಾದಿಯರಿಗೆ ವಹಿಸಿದ್ದರು. ನಮ್ಮ ದೇಶದಲ್ಲಿಯೂ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯು ಶಸ್ತ್ರಕ್ರಿಯೆಯ ಗಾಯದ ನಂಜು ಮೊದಲಾದವುಗಳ ಲೆಕ್ಕವಿಡಬೇಕೆಂದು ವಿಧಿಸಿದೆ. ಆದರೆ ಆ ಲೆಕ್ಕ ಸಾಮಾನ್ಯ ಓದುಗನ ಕೈಗೆ ಆಸ್ಪತ್ರೆವಾರಾಗಿ ಸಿಗುವ ಪದ್ಧತಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಹಾಗಾದರೆ ಗೃಹಸ್ಥನು ಮಾಡಬಹುದಾದದ್ದೇನು? ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಮುನ್ನ, ತುರ್ತಿಲ್ಲದಿದ್ದರೆ, ವಿನಯವಾಗಿ ಕೆಲವು ಪ್ರಶ್ನೆಗಳನ್ನು ಕೇಳಿ. ಈ ಶಸ್ತ್ರಕ್ರಿಯೆಯನ್ನು ತಾವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ನೂರರಲ್ಲಿ ಎಷ್ಟು ಮಂದಿಗೆ ನಂಜಾಗುತ್ತದೆ, ಎಷ್ಟು ಮಂದಿ ಮತ್ತೆ ಥಿಯೇಟರಿಗೆ ಬರಬೇಕಾಗುತ್ತದೆ? ಆ ಲೆಕ್ಕ ತಮ್ಮ ಆಸ್ಪತ್ರೆಯದೋ, ಪುಸ್ತಕದಲ್ಲಿ ಓದಿದ್ದೋ? ಮನೆಗೆ ಹೋದವರನ್ನು ಯಾರು, ಎಷ್ಟು ದಿನ ವಿಚಾರಿಸುತ್ತಾರೆ? ನಮ್ಮ ತಂದೆಯವರ ವಯಸ್ಸಿಗೂ ಕಾಯಿಲೆಗೂ ಅಪಾಯ ಎಷ್ಟು ಹೆಚ್ಚು? ಒಳ್ಳೆಯ ವೈದ್ಯರು ಇದರಿಂದ ಮುನಿಯುವುದಿಲ್ಲ. “ನಮ್ಮಲ್ಲಿ ತೊಡಕೇ ಆಗುವುದಿಲ್ಲ” ಎಂಬ ಉತ್ತರ ಬಂದರೆ, ಅಲ್ಲಿ ತೊಡಕಿಲ್ಲವೆಂದಲ್ಲ, ಎಣಿಸುವವರಿಲ್ಲವೆಂದು ತಿಳಿಯಿರಿ.

ಮನೆಗೆ ಬಂದ ಮೇಲೆ ನಿಮ್ಮದೇ ಒಂದು ಪುಟ್ಟ ಲೆಕ್ಕವಿರಲಿ. ಗೋಡೆಯ ಪಂಚಾಂಗದ ಕ್ಯಾಲೆಂಡರೇ ಸಾಕು. ಹಾಲು ಪತ್ರಿಕೆಗಳ ಲೆಕ್ಕ ಬರೆಯುವ ಜಾಗದಲ್ಲಿಯೇ ಬರೆಯಿರಿ. ಜ್ವರ ಎಷ್ಟು, ಗಾಯದಿಂದ ಒಸರುವುದುಂಟೆ, ನೋವು ಏರಿತೋ ಇಳಿಯಿತೋ, ಎಷ್ಟು ಹೆಜ್ಜೆ ನಡೆದರು. ಗಾಯ ಕೆಂಪಾಗಿ ಬಿಸಿಯೇರಿ ಕೀವಾದರೆ, ಜ್ವರ ಮರಳಿದರೆ, ಕಾಲಿನ ಮೀನಖಂಡ ಬಾತು ನೋಯತೊಡಗಿದರೆ, ಉಸಿರು ಕಟ್ಟಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬೇರೆಡೆ ತೋರಿಸಿದರೂ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಆ ಸಂಗತಿಯನ್ನು ತಪ್ಪದೆ ತಿಳಿಸಿ. ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಡಿ. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ಕೇಳಿದರೆ ಎಪ್ಪತ್ತೆರಡು ಗಂಟೆಗಳೊಳಗೆ ಕೊಡಬೇಕು ಎಂಬುದು ವೈದ್ಯರಿಗೆ ೨೦೦೨ರ ನಿಯಮಾವಳಿ ವಿಧಿಸಿದ ಕರ್ತವ್ಯ.

ತಿಂಗಳು ಕಳೆದ ಮೇಲೆ ಆಸ್ಪತ್ರೆಯಿಂದ ಯಾರಾದರೂ ದೂರವಾಣಿ ಮಾಡಿ “ಹೇಗಿದ್ದೀರಿ, ಗಾಯ ಒಣಗಿತೆ, ನಡೆಯುತ್ತಿದ್ದೀರಾ?” ಎಂದು ಕೇಳಿದರೆ, ಉಪಚಾರದ ಮಾತೆಂದು “ಎಲ್ಲ ಚೆನ್ನಾಗಿದೆ” ಎಂದು ಇಟ್ಟುಬಿಡಬೇಡಿ. ಎರಡು ನಿಮಿಷ ನಿಂತು ಇದ್ದುದನ್ನು ಇದ್ದಂತೆ ಹೇಳಿ. ನಿಮ್ಮ ಗಾಯ ಒಣಗಿದ್ದರೂ ಒಣಗದಿದ್ದರೂ ಆ ಉತ್ತರ ಅಲ್ಲಿಯ ಪುಸ್ತಕದಲ್ಲಿ ಒಂದು ಗೆರೆಯಾಗುತ್ತದೆ. ನಾಳೆ ಅದೇ ಮೇಜಿನ ಮೇಲೆ ಮಲಗುವ ಅಪರಿಚಿತನೊಬ್ಬನಿಗೆ ಅದರ ಪ್ರಯೋಜನ ಸಲ್ಲುತ್ತದೆ.